ಮುದ್ರೆ ನೋಡುವವನು

ಮುದ್ರೆಯ ಚರಿತ್ರೆಯನ್ನು ನಮ್ಮ ಪಂಡಿತರು ಸಾಕಷ್ಟು ಬರೆದಿದ್ದಾರೆ. ಚಾಲುಕ್ಯರ ಲಾಂಛನ ವರಾಹ, ರಾಷ್ಟ್ರಕೂಟರದು ಗರುಡ, ಗಂಗರದು ಆನೆ ಎಂಬುದನ್ನು ಶಾಲೆಯ ಹುಡುಗನೂ ಹೇಳಬಲ್ಲ. ಆದರೆ ಒತ್ತಿದ ಮುದ್ರೆಯನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ನಿಜವೋ ಸುಳ್ಳೋ ಎಂದು ನೋಡಿದವನ ಚರಿತ್ರೆಯನ್ನು ಬರೆದವರು ವಿರಳ. ಮುದ್ರೆಗೆ ಬೆಲೆ ಬರುವುದು ಈ ಎರಡನೆಯವನಿಂದಲೇ. ಅವನು ಕಣ್ಣು ಮುಚ್ಚಿದನೆಂದರೆ ಬಂಗಾರದ ಮುದ್ರೆಗೂ ಬಟಾಟೆಯಲ್ಲಿ ಕೊರೆದ ಮುದ್ರೆಗೂ ವ್ಯತ್ಯಾಸ ಉಳಿಯುವುದಿಲ್ಲ.

ಈ ವಿಚಾರ ನನ್ನ ತಲೆಯಲ್ಲಿ ಹೊಕ್ಕಿದ್ದು ತಾಮ್ರಪಟದಿಂದಲ್ಲ, ಕಂಪ್ಯೂಟರಿನಿಂದ. ಇಂದು ಯಂತ್ರವು ಯಂತ್ರದೊಡನೆ ಮಾತಾಡುವಾಗ ಟಿ.ಎಲ್.ಎಸ್. ಎಂಬ ಪದ್ಧತಿಯಂತೆ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಅದೇ ಅದರ ಮುದ್ರೆ. ಆದರೆ ದೊಡ್ಡ ದೊಡ್ಡ ಸಂಸ್ಥೆಗಳ ಕೆಲಸಕ್ಕೆಂದು ಮಾಡಿದ ತಂತ್ರಾಂಶಗಳಲ್ಲಿ, ಕರಿಯ ಪರದೆಯ ಮೇಲೆ ಆಜ್ಞೆಯನ್ನು ಬೆರಳಚ್ಚಿಸಿ ನಡೆಸುವ ಕಮಾಂಡ್ ಲೈನ್ ಉಪಕರಣಗಳು ಎಷ್ಟೋ ಈ ಪತ್ರವನ್ನು ಸ್ವೀಕರಿಸುತ್ತವೆಯೇ ಹೊರತು ನೋಡುವುದಿಲ್ಲ. ಇದು ಹೊಸ ಯುಗದ ಹೊಸ ದೋಷವೆಂದು ಬಲ್ಲವರು ಹೇಳುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ಊರುಗಳ ಸೀಮೆಯಲ್ಲಿ ಮೂವತ್ತು ವರ್ಷ ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ಮಾಡಿದ ನನಗೆ ಅದು ಹಳೆಯ ದೋಷವಾಗಿಯೇ ಕಾಣುತ್ತದೆ. ಹಳೆಯದಾದ್ದರಿಂದ ಹಳೆಯ ಕಾಗದಗಳಿಂದಲೇ ಆರಂಭಿಸುತ್ತೇನೆ.

ನಮ್ಮ ಕಡೆಯ ಹಳೆಯ ದೇಸಾಯರ, ದೇಶಪಾಂಡೆಯರ, ಕುಲಕರ್ಣಿಯರ ಮನೆಗಳಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರವನ್ನು ಬಿಚ್ಚಿದವರಿಗೆ ಗೊತ್ತು: ಮನೆಯ ಮಾತು ಕನ್ನಡವಾದರೂ ಕಾಗದದ ಲಿಪಿ ಮೋಡಿ. ಮರಾಠರ ಆಳಿಕೆಯ ಸನದು ಪತ್ರಗಳಲ್ಲಿ ತಲೆಯ ಮೇಲೆ ದೊಡ್ಡ ಶಿಕ್ಕೆ ಇರುತ್ತದೆ. ಅದನ್ನು ಎಲ್ಲರೂ ನೋಡುತ್ತಾರೆ. ಆದರೆ ಬುಡದಲ್ಲಿ, ಬರೆಹ ಎಲ್ಲಿ ಮುಗಿಯಿತೋ ಅಲ್ಲಿಗೆ ತಾಗಿದಂತೆ, ಇನ್ನೊಂದು ಚಿಕ್ಕ ಮುದ್ರೆ ಇರುತ್ತದೆ. ಇದಕ್ಕೆ ಮೋರ್ತಬ ಎಂದು ಹೆಸರು. ಇಲ್ಲಿಗೆ ಮಾತು ಮುಗಿಯಿತು, ಇದರ ಕೆಳಗೆ ಯಾರಾದರೂ ಒಂದು ಸಾಲು ಸೇರಿಸಿದರೆ ಅದು ನಮ್ಮದಲ್ಲ ಎಂದು ಅದರ ಅರ್ಥ. ಕಾಗದ ಉದ್ದವಾಗಿ ಹಾಳೆಗೆ ಹಾಳೆ ಅಂಟಿಸಿದ್ದರೆ, ಅಂಟಿಸಿದ ಜೋಡಿನ ಮೇಲೂ ಒಂದೊಂದು ಮುದ್ರೆ ಒತ್ತುವ ರೂಢಿ ಇತ್ತು. ನಡುವಿನ ಹಾಳೆಯನ್ನು ಕಿತ್ತು ಬೇರೊಂದನ್ನು ಅಂಟಿಸಿದರೆ ಮುದ್ರೆಯ ಎರಡು ಹೋಳು ಕೂಡುವುದಿಲ್ಲ. ಒತ್ತುವವನು ಎಷ್ಟು ದೂರ ಯೋಚಿಸುತ್ತಿದ್ದ ನೋಡಿರಿ! ನೂರು ವರ್ಷಗಳ ಮೇಲೆ ಯಾವನೋ ಒಬ್ಬ ಈ ಕಾಗದವನ್ನು ಸಂಶಯದಿಂದ ತಿರುವಿ ಹಾಕುವನೆಂದು ತಿಳಿದು, ಅವನಿಗೆ ಅನುಕೂಲವಾಗುವಂತೆ ಅವನು ಒತ್ತುತ್ತಿದ್ದ.

ಇದಕ್ಕೂ ಹಿಂದಿನ ತಾಮ್ರಪಟಗಳದು ಬೇರೊಂದು ತೊಡಕು. ಹಲಗೆಗಳ ತೂತಿನೊಳಗಿಂದ ಉಂಗುರವೊಂದು ಹಾಯ್ದು, ಅದರ ಎರಡು ತುದಿ ಸೇರುವಲ್ಲಿ ಅರಸನ ಮುದ್ರೆ ಇರುತ್ತದೆ. ಮುದ್ರೆ ನಿಜವೇ ಇರಬಹುದು. ಆದರೆ ಉಂಗುರವನ್ನು ಕತ್ತರಿಸಿ, ಒಳಗಿನ ಹಲಗೆ ತೆಗೆದು, ಬೇರೆ ಹಲಗೆ ಪೋಣಿಸಿದ್ದರೆ? ಬೆಳಗಾವಿ, ಧಾರವಾಡಗಳ ಶಾಸನಗಳ ಮೇಲೆ ಕಣ್ಣು ಸವೆಸಿದ ಜೆ. ಎಫ್. ಫ್ಲೀಟ್ ಸಾಹೇಬನು ತನ್ನ ವರದಿಗಳಲ್ಲಿ ಉಂಗುರ ಕತ್ತರಿಸಿದ್ದಿತೋ ಇಲ್ಲವೋ ಎಂಬುದನ್ನು ತಪ್ಪದೆ ಬರೆದಿಡುತ್ತಿದ್ದ. 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಖೋಟಾ ಶಾಸನಗಳ ಯಾದಿಯನ್ನೇ ಪ್ರಕಟಿಸಿದ. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವನು ತೀರ ಕಠಿಣನಾದನೆಂದು ನನಗೆ ಅನಿಸುತ್ತದೆ, ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ, ಆ ಜಗಳ ಬಹಳ ಕಾಲ ನಡೆಯಿತು. ಅದೇನೇ ಇರಲಿ, ಮುದ್ರೆ ನಿಜವೇ ಎಂಬುದು ಒಂದು ಪ್ರಶ್ನೆ, ಆ ಮುದ್ರೆ ಈ ಹಲಗೆಗೇ ಸೇರಿದ್ದೇ ಎಂಬುದು ಬೇರೊಂದು ಪ್ರಶ್ನೆ ಎಂಬ ವಿವೇಕವನ್ನು ಫ್ಲೀಟನಿಂದ ಕಲಿಯಬೇಕು. ಈ ಎರಡನೆಯ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ, ವಾಚಕರು ನೆನಪಿನಲ್ಲಿಟ್ಟಿರಬೇಕು.

ಇನ್ನು, ನಿಜವೆಂದು ಹೇಳುವ ಅಧಿಕಾರ ಯಾರದು? ಇದನ್ನು ನಮ್ಮ ಸೀಮೆ ಬಹಳ ಕಹಿಯಾಗಿ ಕಲಿತದ್ದು ಇನಾಮ್ ಕಮಿಷನ್ನಿನ ಕಾಲದಲ್ಲಿ. 1843ರಿಂದ ದಕ್ಷಿಣ ಮರಾಠಾ ಪ್ರದೇಶದ ಇನಾಮುಗಳ ವಿಚಾರಣೆ ಆರಂಭವಾಯಿತು. 1852ರ ಹನ್ನೊಂದನೆಯ ಕಾಯ್ದೆಯಿಂದ ಅದಕ್ಕೆ ಬಲ ಬಂತು. ತಲೆತಲಾಂತರದಿಂದ ಭೂಮಿ ಉಣ್ಣುತ್ತಿದ್ದವರು ತಮ್ಮ ಸನದುಗಳನ್ನು ತಂದು ಮೇಜಿನ ಮೇಲಿಡಬೇಕು. ಸಾಹೇಬನು ಕಾಗದ, ಶಾಯಿ, ಅಕ್ಷರ, ಶಿಕ್ಕೆ ಎಲ್ಲವನ್ನೂ ನೋಡುವನು. ಆದರೆ ಕೊನೆಯ ಮಾತು ಕೈಯಲ್ಲಿದ್ದ ಕಾಗದದ್ದಲ್ಲ. ಪೇಶ್ವೆಯರ ಸರಕಾರಿ ಲೆಕ್ಕಗಳು ಪುಣೆಯ ದಫ್ತರದಲ್ಲಿದ್ದವು; ಅಲ್ಲಿ ನೋಂದು ಸಿಕ್ಕರೆ ಇನಾಮು ಉಳಿಯಿತು, ಸಿಗದಿದ್ದರೆ ಹೋಯಿತು. ಖೋಟಾ ಕಾಗದಗಳು ಬಯಲಾದದ್ದೂ ನಿಜ, ಪ್ರಾಮಾಣಿಕರ ಭೂಮಿ ಹೋದದ್ದೂ ನಿಜ. 1857-58ರಲ್ಲಿ ಈ ಭಾಗದಲ್ಲಿ ಎದ್ದ ಅಸಮಾಧಾನಕ್ಕೆ ಈ ಕಮಿಷನ್ನೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ನಾನು ಕಮಿಷನ್ನಿನ ಪರ ವಕೀಲಿ ಮಾಡುವವನಲ್ಲ. ಆದರೆ ಅದು ಹೊರಗೆಡಹಿದ ಒಂದು ಸಂಗತಿಯನ್ನು ಅಲ್ಲಗಳೆಯಲಾಗದು: ಮುದ್ರೆಯನ್ನು ನೋಡಬೇಕಾದರೆ, ನೋಡುವವನ ಬಳಿ ತಾನು ಮೊದಲೇ ನಂಬಿದ ಒಂದು ಪುಸ್ತಕ ಇರಬೇಕು. ಆ ಪುಸ್ತಕ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಚಿಕ್ಕೋಡಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿ, ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿ. ಹಳ್ಳದ ಈಚೆ ನಡೆಯುವ ಶಿಕ್ಕೆ ಆಚೆ ನಡೆಯಲೇಬೇಕೆಂಬ ನೇಮವಿರಲಿಲ್ಲ.

ಸರಕಾರದ ಮುದ್ರೆಗಿಂತ ಪೇಟೆಯ ಮುದ್ರೆ ನನಗೆ ಹೆಚ್ಚು ಪ್ರಿಯವಾದದ್ದು. ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿ ನಮ್ಮ ಅಜ್ಜ ಒಬ್ಬ ಅಡತ್ಯಾನ ಅಂಗಡಿಯಲ್ಲಿ ದಿವಾನಜಿಯಾಗಿದ್ದರು. ಕೀರ್ದಿ, ಖಾತೆಗಳ ಜೊತೆಗೆ ಅವರ ಕೆಲಸ ಹುಂಡಿ ನೋಡುವುದು. ಹುಂಡಿ ಎಂದರೆ ಈಗಿನವರಿಗೆ ದೇವಸ್ಥಾನದ ಪೆಟ್ಟಿಗೆ ನೆನಪಾಗುತ್ತದೆ. ಆಗ ಅದು ಒಂದು ಊರಿನ ಸಾವಕಾರನು ಇನ್ನೊಂದು ಊರಿನ ಸಾವಕಾರನಿಗೆ ‘ಇಂಥವರಿಗೆ ಇಷ್ಟು ರೊಕ್ಕ ಕೊಡಿರಿ’ ಎಂದು ಬರೆದ ಚೀಟಿ. ಅದಕ್ಕೆ ಸರಕಾರದ ಮುದ್ರೆಯಿಲ್ಲ. ಇದ್ದರೂ ಅದನ್ನು ಯಾರೂ ನಂಬುತ್ತಿರಲಿಲ್ಲವೇನೋ.

ಹುಂಡಿಯ ರಕ್ಷಣೆ ಅದರ ಬರವಣಿಗೆಯಲ್ಲೇ ಇತ್ತು. ರಕಮನ್ನು ಅಂಕಿಯಲ್ಲಿ ಬರೆದು, ಅಕ್ಷರದಲ್ಲಿ ಬರೆದು, ಅಷ್ಟಕ್ಕೆ ತೃಪ್ತಿಪಡದೆ ‘ಇದರ ಅರ್ಧ ಐದು ನೂರು, ಅದರ ದುಪ್ಪಟ್ಟು’ ಎಂದು ಮತ್ತೆ ಬರೆಯುವರು. ಒಂದನ್ನು ತಿದ್ದಿದರೆ ಉಳಿದವು ಕೂಗುತ್ತವೆ. ಹುಂಡಿ ಕಳೆದುಹೋದರೆ ಪೇಠ, ಪೇಠವೂ ಕಳೆದರೆ ಪರಪೇಠ. ರೊಕ್ಕ ಸಂದ ಹುಂಡಿಗೆ ಖೋಖಾ ಎಂದು ಹೆಸರು. ಹುಂಡಿ ಬರೆದವನು ರೊಕ್ಕ ಕೊಡುವವನಿಗೆ ಬೇರೆಯಾಗಿ ಒಂದು ಸೂಚನೆಯ ಪತ್ರ ಹಾಕುವನು. ಹುಂಡಿ ಒಂದು ದಾರಿಯಿಂದ, ಪತ್ರ ಇನ್ನೊಂದು ದಾರಿಯಿಂದ. ಎಲ್ಲಕ್ಕಿಂತ ಸೊಗಸಾದದ್ದು ಶಾಹಜೋಗ ಹುಂಡಿ. ಇದನ್ನು ಯಾರು ತಂದರೂ ರೊಕ್ಕ ಸಿಗದು. ಪೇಟೆಯಲ್ಲಿ ಹೆಸರಿದ್ದ ‘ಶಾಹ’ನೊಬ್ಬನ ಕೈಯಿಂದಲೇ ಬರಬೇಕು. ಹುಂಡಿ ಕದ್ದದ್ದೋ ಖೋಟಾವೋ ಎಂದು ಮುಂದೆ ತಿಳಿದರೆ ಆ ಶಾಹನೇ ಬಡ್ಡಿಸಹಿತ ತಿರುಗಿ ಕೊಡಬೇಕು. ಅಜ್ಜ ಹೇಳುತ್ತಿದ್ದರು, ಹುಂಡಿ ತಂದವನನ್ನು ತಾವು ಮೊದಲು ಕೇಳುತ್ತಿದ್ದದ್ದು ‘ಎಷ್ಟು?’ ಎಂದಲ್ಲ, ‘ಈ ಪ್ಯಾಟ್ಯಾಗ ನಿಮ್ಮನ್ನ ಯಾರು ಬಲ್ಲರಿ?’ ಎಂದು.

ಈಗ ಕಂಪ್ಯೂಟರಿಗೆ ಬರೋಣ. 2021ರಲ್ಲಿ ನಮ್ಮ ಸೀಮೆಯ ಒಂದು ಪತ್ತಿನ ಸಂಘದ ತಪಾಸಣೆಗೆ ಹೋಗಿದ್ದೆ. ಹೆಸರು ಬೇಡ, ಊರೂ ಬೇಡ. ಸಭಾಸದರು ಬಹುತೇಕ ಕಬ್ಬು ಬೆಳೆಯುವ ರೈತರು. ದಿನವೆಲ್ಲ ಆದ ಹಣದ ವರ್ಗಾವಣೆಯ ಕಡತವನ್ನು ಸಂಘದ ಯಂತ್ರವು ರಾತ್ರಿ ಹನ್ನೊಂದೂಕಾಲಿಗೆ ತಾನೇ ಕಟ್ಟಿ, ತಂತ್ರಾಂಶ ಮಾರಿದ ಕಂಪನಿಯ ದೊಡ್ಡ ಯಂತ್ರಕ್ಕೆ ಕಳಿಸುತ್ತದೆ. ಅಲ್ಲಿಂದ ಅದು ಬ್ಯಾಂಕಿಗೆ. ಕಳಿಸುವ ಹೊತ್ತಿಗೆ ಕಚೇರಿಯಲ್ಲಿ ಬೆಕ್ಕೂ ಇರುವುದಿಲ್ಲ. ನಾನು ಕಂಪನಿಯ ಹುಡುಗನಿಗೆ ಕೇಳಿದೆ: ಎದುರಿಗಿರುವುದು ನಿಮ್ಮದೇ ಯಂತ್ರವೆಂದು ಈ ಯಂತ್ರಕ್ಕೆ ಹೇಗೆ ಗೊತ್ತು?

“ಅದು ಎನ್‌ಕ್ರಿಪ್ಟ್ ಆಗಿ ಹೊಕ್ಕೈತ್ರಿ ಸರ್, ನೀವು ಏನೂ ಚಿಂತಿ ಮಾಡಬ್ಯಾಡ್ರಿ.”

“ಯಾರ ಸಂಗಾಟ ಎನ್‌ಕ್ರಿಪ್ಟ್ ಆಗೈತೋ ತಮ್ಮಾ?”

ಹುಡುಗ ಬುದ್ಧಿವಂತ; ನಗಲಿಲ್ಲ. ಕಳಿಸುವ ಆಜ್ಞೆಯ ಸಾಲನ್ನು ತೆರೆದು ತೋರಿಸಿದ. ಅದರಲ್ಲಿ ಒಂದು ಪುಟ್ಟ ಅಕ್ಷರ ಇತ್ತು, ಅಡ್ಡಗೆರೆಯ ಮುಂದೆ ‘ಕೆ’. ಪ್ರಮಾಣಪತ್ರವನ್ನು ನೋಡಬೇಡ ಎಂದು ಅದರ ಅರ್ಥ. ಎದುರಿನ ಯಂತ್ರದ ಪತ್ರವನ್ನು ನಾವಿಬ್ಬರೂ ಕೂಡಿ ತೆಗೆದು ನೋಡಿದೆವು. ಅದರ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಎಂಟು ತಿಂಗಳು, ಒಂದು ರಾತ್ರಿಯೂ ತಪ್ಪದೆ, ಕಡತ ಹೋಗುತ್ತಲೇ ಇತ್ತು. ಯಾರೂ ನೋಡುತ್ತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಣ ಹೋಗಿರಲಿಲ್ಲ, ಲೆಕ್ಕ ಪೈಸೆಗೆ ಪೈಸೆ ಕೂಡಿತ್ತು. ಆದರೆ ಆ ಎಂಟು ತಿಂಗಳಲ್ಲಿ ನಡುವಿನ ದಾರಿಯಲ್ಲಿ ಯಾರಾದರೂ ಕುಳಿತು, ಸಂಘದ ಕಡೆಗೆ ‘ನಾನೇ ಕಂಪನಿ’ ಎಂದೂ ಕಂಪನಿಯ ಕಡೆಗೆ ‘ನಾನೇ ಸಂಘ’ ಎಂದೂ ಹೇಳಿದ್ದರೆ, ಗುಪ್ತಪದವೂ ಅವನ ಕೈಗೆ, ರೈತರ ಖಾತೆಯ ಸಂಖ್ಯೆಗಳೂ ಅವನ ಕೈಗೆ; ಯಾದಿಯಲ್ಲಿ ಒಂದು ಖಾತೆಯ ಸಂಖ್ಯೆ ಬದಲಿಸಿ ಮುಂದೆ ಸಾಗಿಸಿದ್ದರೆ ತಡೆಯುವವರಿರಲಿಲ್ಲ. ಮಾತು ಗುಟ್ಟಾಗಿಯೇ ನಡೆಯುತ್ತಿತ್ತು, ನಿಜ. ಗುಟ್ಟು ಕಳ್ಳನ ಕಿವಿಯಲ್ಲಿ ಹೇಳಿದರೂ ಗುಟ್ಟೇ ಅಲ್ಲವೇ?

ಈ ಪತ್ರದ ಹುಟ್ಟನ್ನು ಸ್ವಲ್ಪ ಹೇಳಬೇಕು. 1976ರಲ್ಲಿ ಅಮೇರಿಕೆಯ ಡಿಫೀ ಮತ್ತು ಹೆಲ್ಮನ್ ಎಂಬ ಇಬ್ಬರು, ಬೀಗ ಹಾಕುವ ಕೀಲಿಯನ್ನು ಎಲ್ಲರಿಗೂ ಬಹಿರಂಗವಾಗಿ ಕೊಟ್ಟು, ತೆಗೆಯುವ ಕೀಲಿಯನ್ನು ಮಾತ್ರ ತನ್ನಲ್ಲಿಟ್ಟುಕೊಳ್ಳಬಹುದೆಂಬ ವಿಚಾರವನ್ನು ಮುಂದಿಟ್ಟರು. ಆದರೆ ಈ ಬಹಿರಂಗ ಕೀಲಿ ಇಂಥವನದೇ ಎಂದು ಹೇಳುವವರು ಯಾರು? 1978ರಲ್ಲಿ ಲೋರೆನ್ ಕೋನ್‌ಫೆಲ್ಡರ್ ಎಂಬ ವಿದ್ಯಾರ್ಥಿ ಎಂ.ಐ.ಟಿ.ಯಲ್ಲಿ ತನ್ನ ಪದವಿಯ ಪ್ರಬಂಧದಲ್ಲಿ, ನಂಬಿಗಸ್ತನೊಬ್ಬನು ಹೆಸರನ್ನೂ ಕೀಲಿಯನ್ನೂ ಒಂದೇ ಪತ್ರದಲ್ಲಿ ಸೇರಿಸಿ ಸಹಿ ಮಾಡಿಕೊಡಲಿ ಎಂದು ಸೂಚಿಸಿ, ಅದಕ್ಕೆ ಪ್ರಮಾಣಪತ್ರವೆಂದು ಹೆಸರಿಟ್ಟ. 1988ರಲ್ಲಿ ಆ ಪತ್ರದ ನಮೂನೆ ಎಕ್ಸ್.509 ಎಂಬ ಹೆಸರಿನಲ್ಲಿ ಗೊತ್ತಾಯಿತು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಇದನ್ನು ಜಾಲದ ಮಾತುಕತೆಗೆ ತಂದಿತು. 1999ರಲ್ಲಿ ಆ ಪದ್ಧತಿಗೆ ಟಿ.ಎಲ್.ಎಸ್. ಎಂದು ನಾಮಕರಣವಾಯಿತು.

ಪತ್ರ ಬಂದಾಗ ಪಡೆದ ಯಂತ್ರ ಏನೇನು ನೋಡಬೇಕು? ಸಹಿ ಮಾಡಿದವನು, ಅಥವಾ ಅವನಿಗೆ ಸಹಿ ಮಾಡಿದವನು, ತನ್ನ ಬಳಿ ಇರುವ ಬಲ್ಲವರ ಯಾದಿಯಲ್ಲಿ ಇದ್ದಾನೆಯೇ. ಪುಣೆಯ ದಫ್ತರ ನೋಡಿದ ಹಾಗೆ. ಪತ್ರದಲ್ಲಿರುವ ಹೆಸರು, ತಾನು ಕರೆದ ಯಂತ್ರದ ಹೆಸರೇ. ಫ್ಲೀಟನು ಉಂಗುರ ನೋಡಿದ ಹಾಗೆ. ಅವಧಿ ಮುಗಿದಿದೆಯೇ, ಪತ್ರ ರದ್ದಾಗಿದೆಯೇ. ಇಷ್ಟೇ. ಇದರಲ್ಲಿ ಒಂದನ್ನು ಬಿಟ್ಟರೂ ಉಳಿದವು ವ್ಯರ್ಥ.

ಬ್ರೌಸರಿನಲ್ಲಿ ಈ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಪತ್ರ ಸರಿಯಿಲ್ಲದಿದ್ದರೆ ಪರದೆಯ ತುಂಬ ಎಚ್ಚರಿಕೆ. ಕುಳಿತವನು ಹೆದರಿ ಹಿಂದೆ ಸರಿಯುತ್ತಾನೆ. ಕಮಾಂಡ್ ಲೈನಿನಲ್ಲಿ ಕುಳಿತವನೇ ಇಲ್ಲ. ಎಚ್ಚರಿಕೆ ಕೊಟ್ಟರೆ ಕೇಳುವವರಾರು? ಆದ್ದರಿಂದ ಅಲ್ಲಿ ಎರಡೇ ದಾರಿ: ಪತ್ರ ಸರಿಯಿಲ್ಲವೆಂದು ಕೆಲಸ ನಿಲ್ಲಿಸುವುದು, ಇಲ್ಲವೆ ನೋಡದೆ ಸಾಗುವುದು. ವ್ಯಾಪಾರಸ್ಥರ ತಂತ್ರಾಂಶ ಮಾಡುವವರಿಗೆ ಮೊದಲನೆಯದು ರುಚಿಸುವುದಿಲ್ಲ. ಗಿರಾಕಿಯ ಕಚೇರಿಯೊಳಗಿನ ಯಂತ್ರಗಳಿಗೆ ಅನೇಕ ವೇಳೆ ತಾವೇ ಸಹಿ ಮಾಡಿಕೊಂಡ ಪತ್ರ ಇರುತ್ತದೆ. ಅದು ಯಾರ ಯಾದಿಯಲ್ಲೂ ಇಲ್ಲ. ಪರೀಕ್ಷೆಯ ಕೋಣೆಯಲ್ಲಿ ಕೆಲಸ ಸಾಗಲೆಂದು ತಾತ್ಕಾಲಿಕವಾಗಿ ‘ನೋಡಬೇಡ’ ಎಂದು ಬರೆಯುತ್ತಾರೆ. ಆ ತಾತ್ಕಾಲಿಕ ಸಾಲು ಹಾಗೆಯೇ ಗಿರಾಕಿಯ ಮನೆಗೆ ಬರುತ್ತದೆ. ನಮ್ಮ ಕಡೆ ಹಂಗಾಮಿ ನೌಕರನು ಹಂಗಾಮಿಯಾಗಿಯೇ ಪಿಂಚಣಿಯ ವಯಸ್ಸಿಗೆ ಬರುವುದಿಲ್ಲವೇ, ಹಾಗೆ.

ಉಪಕರಣ ಮಾಡಿದವರೆಲ್ಲ ಅಲಕ್ಷ್ಯ ಮಾಡಿದರೆಂದಲ್ಲ. ಕರ್ಲ್ ಎಂಬ ಸುಪ್ರಸಿದ್ಧ ಉಪಕರಣವು 2002ರಿಂದಲೇ, ಯಾರೂ ಹೇಳದಿದ್ದರೂ ಪತ್ರವನ್ನು ನೋಡುತ್ತದೆ. ನಾನು ಮೇಲೆ ಹೇಳಿದ ‘ಕೆ’ ಅದರದೇ; ಅದರ ಪೂರ್ಣ ಹೆಸರನ್ನು ‘ಅಸುರಕ್ಷಿತ’ ಎಂಬ ಅರ್ಥ ಬರುವಂತೆ ಇಟ್ಟಿದ್ದಾರೆ. ಬರೆಯುವವನಿಗೆ ನಾಚಿಕೆಯಾಗಲೆಂದೇ ಇರಬೇಕು. ಆದರೆ ಒಂದಕ್ಷರದಲ್ಲಿ ಬರೆದಾಗ ನಾಚಿಕೆಯೂ ಒಂದಕ್ಷರದಷ್ಟೇ. ವಿಗೆಟ್ ಎಂಬ ಇನ್ನೊಂದು ಉಪಕರಣ 2005ರಲ್ಲಿ ಈ ದಾರಿಗೆ ಬಂತು. ಪೈಥಾನ್ ಎಂಬ ಭಾಷೆ ಮಾತ್ರ ಬಹಳ ತಡಮಾಡಿತು. ಸಂಸ್ಥೆಗಳ ಆಡಳಿತದ ಎಷ್ಟೋ ಉಪಕರಣಗಳನ್ನು ಆ ಭಾಷೆಯಲ್ಲಿ ಬರೆಯುತ್ತಾರೆ. 2014ರ ಡಿಸೆಂಬರಿನಲ್ಲಿ 2.7.9ನೆಯ ಆವೃತ್ತಿ ಬರುವವರೆಗೂ ಅದರ ಮೂಲ ಭಂಡಾರವು, ಬರೆಯುವವನು ತಾನಾಗಿ ಕೇಳದಿದ್ದರೆ, ಪತ್ರವನ್ನು ನೋಡುತ್ತಿರಲಿಲ್ಲ.

ಈ ರೋಗ ಎಷ್ಟು ಹಬ್ಬಿದೆಯೆಂಬುದು ಜಗತ್ತಿಗೆ ಸ್ಪಷ್ಟವಾದದ್ದು 2012ರಲ್ಲಿ. ಟೆಕ್ಸಾಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಆರು ಜನ ವಿದ್ವಾಂಸರು, ಬ್ರೌಸರ್ ಅಲ್ಲದ ತಂತ್ರಾಂಶಗಳು ಪತ್ರವನ್ನು ಹೇಗೆ ನೋಡುತ್ತವೆಂದು ಪರೀಕ್ಷಿಸಿ, ತಮ್ಮ ಪ್ರಬಂಧಕ್ಕೆ ‘ಜಗತ್ತಿನ ಅತ್ಯಂತ ಅಪಾಯಕಾರಿ ಸಂಕೇತ’ ಎಂಬ ಅರ್ಥದ ತಲೆಬರಹ ಕೊಟ್ಟರು. ತಲೆಬರಹ ತುಸು ಅಬ್ಬರದ್ದೇ. ಒಳಗಿನ ಸಂಗತಿ ಅಷ್ಟೇ ಗಂಭೀರ. ಅಮೆಜಾನಿನ ಬಾಡಿಗೆ ಯಂತ್ರಗಳನ್ನು ನಡೆಸುವ ಜಾವಾ ಭಂಡಾರ, ಅಮೆಜಾನ್ ಮತ್ತು ಪೇಪಾಲ್‌ಗಳು ಅಂಗಡಿಕಾರರಿಗೆ ಕೊಟ್ಟ ಹಣ ಪಾವತಿಯ ಭಂಡಾರಗಳು, ಆಕ್ಸಿಸ್ ಎಂಬ ಮಧ್ಯವರ್ತಿ ತಂತ್ರಾಂಶ, ಇವೆಲ್ಲ ಆ ಪರೀಕ್ಷೆಯಲ್ಲಿ ಬಿದ್ದವು.

ಅದರಲ್ಲಿಯ ಒಂದು ಉದಾಹರಣೆ ನನಗೆ ಮರೆಯದಂತಾಗಿದೆ. ಕರ್ಲಿನ ಭಂಡಾರದಲ್ಲಿ ಹೆಸರನ್ನು ಹೋಲಿಸಬೇಕೇ ಎಂಬುದನ್ನು ಅಂಕಿಯಿಂದ ಹೇಳಬೇಕಿತ್ತು. ಸೊನ್ನೆ ಎಂದರೆ ನೋಡಬೇಡ. ಎರಡು ಎಂದರೆ, ಪತ್ರದ ಹೆಸರೂ ಕರೆದ ಹೆಸರೂ ಒಂದೇ ಆಗಿರಬೇಕು. ನಡುವೆ ಒಂದು ಎಂಬುದೊಂದಿತ್ತು: ಪತ್ರದಲ್ಲಿ ಯಾವುದಾದರೂ ಹೆಸರು ಇದೆಯೇ ನೋಡು, ಸಾಕು! ಸಜ್ಜನರಾದ ಪ್ರೋಗ್ರಾಮರುಗಳು ‘ನೋಡಬೇಕೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಬರೆದರು. ಪಿ.ಎಚ್.ಪಿ. ಭಾಷೆಯಲ್ಲಿ ‘ಹೌದು’ ಎಂದರೆ ಒಂದು. ಹೀಗೆ, ನೋಡಲೇಬೇಕೆಂದು ಪಟ್ಟು ಹಿಡಿದವರ ತಂತ್ರಾಂಶವೂ ನೋಡದಂತಾಯಿತು. ಯಾರದೋ ಪೇಟೆಯ ಯಾವನೋ ಶಾಹನ ಹೆಸರಿದ್ದರೆ ರೊಕ್ಕ ಎಣಿಸಿಕೊಟ್ಟಂತೆ. ಅದೇ ವರ್ಷದ ನವೆಂಬರಿನಲ್ಲಿ ಕರ್ಲಿನವರು ‘ಒಂದು’ ಎಂದು ಬರೆದರೆ ತಪ್ಪೆಂದು ತಿರಸ್ಕರಿಸುವ ಹಾಗೆ ಮಾಡಿದರು. ಲೋಕದ ತಂತ್ರಾಂಶ ದೌರ್ಬಲ್ಯಗಳ ಯಾದಿಯಲ್ಲಿ ಈ ಜಾತಿಯ ದೋಷಕ್ಕೆ 295 ಎಂಬ ಸಂಖ್ಯೆಯೇ ಉಂಟು.

ಇದೆಲ್ಲ ಅಮೇರಿಕೆಯ ಮಾತೆಂದು ವಾಚಕರು ಪುಟ ತಿರುವಬಾರದು. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಆ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂತು. ಪ್ರಮಾಣಪತ್ರ ಕೊಡುವವರಿಗೆ ಪರವಾನಗಿ ನೀಡಲು ಒಬ್ಬ ನಿಯಂತ್ರಕನನ್ನು ಅದು ಏರ್ಪಡಿಸಿತು; ನಮ್ಮ ದೇಶದ ಪುಣೆ ದಫ್ತರ ಅದೇ ಅನ್ನಿರಿ. ಪರವಾನಗಿ ಪಡೆದವರಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್.ಐ.ಸಿ., ಒಂದು. ಈ ಎನ್.ಐ.ಸಿ. ನಮಗೆ ಅಪರಿಚಿತವಲ್ಲ. ಪಹಣಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಉತಾರವನ್ನು, ತಲಾಠಿಯ ಕೈಬರಹದಿಂದ ಬಿಡಿಸಿ ತಾಲೂಕು ಕಚೇರಿಯ ಕಂಪ್ಯೂಟರಿಗೆ ತಂದ ‘ಭೂಮಿ’ ತಂತ್ರಾಂಶವನ್ನು ರೂಪಿಸಿದ್ದು ಅದೇ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಅದರೊಳಗೆ ಹೋದವು. ಚಿಕ್ಕೋಡಿ, ರಾಯಬಾಗ, ಅಥಣಿಯ ರೈತ 15 ರೂಪಾಯಿ ಕೊಟ್ಟು ಉತಾರ ಪಡೆಯತೊಡಗಿದ. ನಿಪ್ಪಾಣಿ, ಕಾಗವಾಡಗಳು ಆಗಿನ್ನೂ ತಾಲೂಕುಗಳಾಗಿರಲಿಲ್ಲ, ಅವುಗಳ ಸರದಿ 2018ರಲ್ಲಿ ಬಂತು. ಆ ವ್ಯವಸ್ಥೆಯಲ್ಲಿ ದಾಖಲೆ ತಿದ್ದುವ ಅಧಿಕಾರಿ ಮೊದಲು ತನ್ನ ಬೆರಳಿನ ಗುರುತು ಕೊಡಬೇಕಿತ್ತು. ನೋಡುವವನ ಕೆಲಸವನ್ನು ಯಂತ್ರಕ್ಕೆ ಸರಿಯಾಗಿ ಹೇಳಿಕೊಟ್ಟ ಉದಾಹರಣೆಯೆಂದು ಅದನ್ನು ನಾನು ಮೆಚ್ಚುತ್ತೇನೆ.

ಇಂಥ ಎನ್.ಐ.ಸಿ.ಯ ಪ್ರಮಾಣಪತ್ರ ವಿಭಾಗದಲ್ಲಿ 2014ರಲ್ಲಿ ಅನರ್ಥವಾಯಿತು. ಜುಲೈ 2ರಂದು ಗೂಗಲ್ ಕಂಪನಿಯವರಿಗೆ, ತಮ್ಮ ಹೆಸರಿನ, ಆದರೆ ತಾವು ಕೇಳದ ಪತ್ರಗಳು ಎನ್.ಐ.ಸಿ.ಯ ಸಹಿಯೊಂದಿಗೆ ಓಡಾಡುತ್ತಿರುವುದು ತಿಳಿಯಿತು. ಮರುದಿನವೇ ನಮ್ಮ ನಿಯಂತ್ರಕರು ಎನ್.ಐ.ಸಿ.ಯ ಮಧ್ಯಂತರ ಪತ್ರಗಳನ್ನು ರದ್ದುಗೊಳಿಸಿದರು. ಪತ್ರ ಕೊಡುವ ವ್ಯವಸ್ಥೆಯೊಳಗೇ ಯಾರೋ ನುಸುಳಿದ್ದರೆಂದೂ, ಮೂರು ಗೂಗಲ್ ಹೆಸರಿನವು, ಒಂದು ಯಾಹೂ ಹೆಸರಿನದು, ಹೀಗೆ ನಾಲ್ಕು ಪತ್ರ ಹೊರಬಿದ್ದವೆಂದೂ ವಿಚಾರಣೆಯಿಂದ ತಿಳಿಯಿತೆಂದರು. ಇನ್ನೂ ಇವೆ ಎಂದು ಗೂಗಲ್ ಹೇಳಿತು. ಇಲ್ಲಿ ನಮ್ಮ ಹಳ್ಳದ ಈಚೆ ಆಚೆಯ ಮಾತು ಮತ್ತೆ ಬರುತ್ತದೆ. ಭಾರತದ ನಿಯಂತ್ರಕರ ಮೂಲಪತ್ರವು ಮೈಕ್ರೋಸಾಫ್ಟ್ ಕಂಪನಿಯ ಬಲ್ಲವರ ಯಾದಿಯಲ್ಲಿತ್ತು; ಫೈರ್‌ಫಾಕ್ಸಿನ ಯಾದಿಯಲ್ಲಿರಲಿಲ್ಲ. ಆದ್ದರಿಂದ ಒಂದೇ ಊರಿನಲ್ಲಿ, ಒಂದೇ ಮೇಜಿನ ಮೇಲೆ, ವಿಂಡೋಸಿನ ಯಾದಿಯನ್ನು ನಂಬಿದ ತಂತ್ರಾಂಶಕ್ಕೆ ಅಪಾಯ, ಫೈರ್‌ಫಾಕ್ಸಿಗೆ ಅಪಾಯವಿಲ್ಲ. ಗೂಗಲ್ ತನ್ನ ಕ್ರೋಮ್ ಬ್ರೌಸರಿನಲ್ಲಿ ಭಾರತದ ಮೂಲಪತ್ರವನ್ನು ಸರಕಾರಿ, ಶೈಕ್ಷಣಿಕ ಮುಂತಾದ ಕೆಲವೇ ಹೆಸರುಗಳ ಮಟ್ಟಿಗೆ ಒಪ್ಪುವಂತೆ ಕಟ್ಟುಹಾಕಿತು.

ಮುದ್ರೆಯ ಮನೆಗೇ ಕನ್ನ ಬಿದ್ದ ಮೇಲೆ ನೋಡುವುದರಿಂದ ಏನು ಪ್ರಯೋಜನ ಎಂದು ನನ್ನ ಮಿತ್ರರೊಬ್ಬರು ವಾದ ಹೂಡಿದರು. ನನಗೆ ಇದು ತಲೆಕೆಳಗಾದ ವಾದವೆನಿಸುತ್ತದೆ. ಆ ಕನ್ನ ಬಯಲಾದದ್ದೇ ಎಲ್ಲಿಯೋ ಒಂದೆಡೆ ನೋಡುವವರು ನೋಡುತ್ತಿದ್ದುದರಿಂದ. ರದ್ದಾದ ಪತ್ರ ಮತ್ತೆ ಉಪಯೋಗಕ್ಕೆ ಬಾರದ ಹಾಗೆ ಆದದ್ದೂ ನೋಡುವ ತಂತ್ರಾಂಶಗಳಲ್ಲಿ ಮಾತ್ರ. ನೋಡದ ಉಪಕರಣಕ್ಕೆ ಎನ್.ಐ.ಸಿ.ಯ ಒಳಗೆ ನುಸುಳುವ ಕಷ್ಟವೇ ಬೇಡ. ಮನೆಯಲ್ಲಿ ಕುಳಿತು ಬರೆದ ಪತ್ರವೇ ಅದಕ್ಕೆ ಸಾಕು.

ಈ ತೊಂದರೆ ಕಡಿಮೆಯಾಗುವ ಲಕ್ಷಣವೂ ಕಾಣುವುದಿಲ್ಲ. 2020ರ ಸೆಪ್ಟೆಂಬರಿನಿಂದ ಸಾರ್ವಜನಿಕ ಪತ್ರಗಳ ಅವಧಿ 398 ದಿನ ಮೀರಬಾರದೆಂದಿತ್ತು. ಅದನ್ನು ಹಂತ ಹಂತವಾಗಿ ಇಳಿಸಿ 2029ರ ಹೊತ್ತಿಗೆ 47 ದಿನಕ್ಕೆ ತರಬೇಕೆಂದು ಬ್ರೌಸರಿನವರೂ ಪತ್ರ ಕೊಡುವವರೂ ಸೇರಿ 2025ರ ಏಪ್ರಿಲಿನಲ್ಲಿ ನಿರ್ಧರಿಸಿದರು. ಕದ್ದ ಪತ್ರ ಬೇಗ ಸಾಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಸೀಮೆಯ ಸಣ್ಣ ಸಂಘದಲ್ಲಿ ತಿಂಗಳೊಪ್ಪತ್ತಿಗೊಮ್ಮೆ ಪತ್ರ ಹೊಸದು ಮಾಡುವವರು ಯಾರು? ಕಾದು ಬೇಸತ್ತವನ ಬೆರಳು ಮತ್ತೆ ‘ಕೆ’ಯ ಕಡೆಗೇ ಹೋಗುತ್ತದೆಂದು ನನಗೆ ಭಯವಿದೆ.

ನಾನು ಹೇಳುತ್ತಿದ್ದ ಸಂಘದಲ್ಲಿ ಮುಂದೆ ಹೀಗಾಯಿತು. ತಪಾಸಣೆಯ ವರದಿಯಲ್ಲಿ ಈ ಸಂಗತಿಯನ್ನು ಬರೆದೆ. ಹುಡುಗನು ಆ ಅಕ್ಷರವನ್ನು ಅಳಿಸಿದ. ಅಂದು ರಾತ್ರಿ ಕಡತ ಹೋಗಲಿಲ್ಲ. ಅವಧಿ ಮುಗಿದಿದೆ ಎಂದು ಉಪಕರಣ ನಿಂತುಬಿಟ್ಟಿತು. ಬೆಳಿಗ್ಗೆ ಸೆಕ್ರೆಟರಿಯವರ ಫೋನು: “ನಿಮ್ಮ ಮುದ್ರಿ ಸಲುವಾಗಿ ರೈತರ ರೊಕ್ಕ ನಿಂತೈತ್ರಿ ಸಾಹೇಬ್ರ.” ಕೋಪದ ಮಾತಾದರೂ ಅದರಲ್ಲಿ ನ್ಯಾಯವಿತ್ತು, ಬಾಗಿಲಲ್ಲಿ ನಿಂತ ರೈತನಿಗೆ ಉತ್ತರ ಕೊಡಬೇಕಾದವರು ಅವರು. ಕಂಪನಿಯವರು ಆ ದಿನವೇ ಹೊಸ ಪತ್ರ ಹಾಕಿದರು. ಎರಡನೆಯ ರಾತ್ರಿಯೂ ಕಡತ ಹೋಗಲಿಲ್ಲ. ಅವಸರದಲ್ಲಿ ತಮ್ಮ ಬೇರೊಂದು ಯಂತ್ರದ ಪತ್ರವನ್ನು ಇದಕ್ಕೆ ಹಾಕಿದ್ದರು. ಅವಧಿ ಸರಿ, ಸಹಿ ಸರಿ, ಹೆಸರು ಬೇರೆ. ಹಳೆಯ ‘ಕೆ’ ಇದ್ದಿದ್ದರೆ ಅದೂ ಯಾರಿಗೂ ತಿಳಿಯದೆ ವರ್ಷಗಟ್ಟಲೆ ನಡೆದುಹೋಗುತ್ತಿತ್ತು. ಸೆಕ್ರೆಟರಿಯವರು ಮತ್ತೆ ಫೋನು ಮಾಡಿದರು. ಈ ಸಲ ಕೋಪ ನನ್ನ ಮೇಲಿರಲಿಲ್ಲ, ಕಂಪನಿಯ ಮೇಲಿತ್ತು. ಹುಡುಗ ಸಂಜೆಯವರೆಗೆ ಕುಳಿತು ಸರಿಯಾದ ಪತ್ರ ತರಿಸಿಕೊಂಡ. ಮೂರನೆಯ ರಾತ್ರಿ ಹನ್ನೊಂದೂಕಾಲಿಗೆ ಮೂರು ದಿನದ ಕಡತ ಒಟ್ಟಿಗೆ ಹೋಯಿತು.